ಎಡಗಡೆಯ ಉಬ್ಬು, ಬಲಗಡೆಯ ತಗ್ಗು

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಎಂ.ಟೆಕ್ ಎರಡನೇ ವರ್ಷದಲ್ಲಿದ್ದೇನೆ. ಗಾಜಿನ ಫೈಬರ್ ಮತ್ತು ಎಪಾಕ್ಸಿಯ ಕಾಂಪೋಸಿಟ್ ಮೇಲೆ ಪ್ರಾಜೆಕ್ಟ್. ಅಬಾಕಸ್ ಸಾಫ್ಟ್‌ವೇರ್‌ನಲ್ಲಿ ಒಂದು ಯೂನಿಟ್ ಸೆಲ್ (ಮತ್ತೆ ಮತ್ತೆ ಬರುವ ವಿನ್ಯಾಸದ ಒಂದು ತುಂಡು) ಕಟ್ಟಿದ್ದೇನೆ. ಫೈಬರ್ 60%, ಗಾಜಿನ ಯಂಗ್ಸ್ ಮಾಡ್ಯುಲಸ್ (ಎಳೆದಾಗಿನ ಬಿಗಿ) 72 ಜಿಪಿಎ, ಎಪಾಕ್ಸಿಯದು 3.5. ಫೈಬರ್ ಉದ್ದಕ್ಕೆ ಎಳೆದರೆ 44.6 ಬರುತ್ತದೆ, ಲೆಕ್ಕಕ್ಕೆ ಸರಿಯಾಗಿದೆ. ಶಿಯರ್‌ಗೆ, ಅಂದರೆ ಓರೆ ಮಾಡುವುದಕ್ಕೆ, ಆರೂ ಮುಖಗಳ ನೋಡ್‌ಗಳಿಗೆ (ಮಾಡೆಲ್‌ನ ಬಿಂದುಗಳಿಗೆ) ನೇರ ರೇಖೆಯಲ್ಲಿ ಡಿಸ್‌ಪ್ಲೇಸ್‌ಮೆಂಟ್ ಕೊಟ್ಟೆ. ಶಿಯರ್ ಮಾಡ್ಯುಲಸ್ 9 ಜಿಪಿಎ ಬರುತ್ತಿದೆ. ಪುಸ್ತಕಗಳಲ್ಲಿ ಅದರ ಅರ್ಧದಷ್ಟೇ ಇದೆ. ಗೈಡ್ ಸರ್ 'ಪಿಬಿಸಿ (ಪೀರಿಯಾಡಿಕ್ ಬೌಂಡರಿ ಕಂಡಿಷನ್) ಹಾಕು' ಅಂದರು. ಎದುರುಬದುರು ಮುಖಗಳ ನೋಡ್‌ಗಳನ್ನೆಲ್ಲ ಜೋಡಿ ಮಾಡಿ ಪೈಥಾನ್‌ನಿಂದ ಇಕ್ವೇಷನ್ ಬರೆಸಿದೆ. ಈಗ ರನ್ನೇ ಆಗುತ್ತಿಲ್ಲ, ಎರರ್ ಮೇಲೆ ಎರರ್. ಸಬ್ಮಿಷನ್‌ಗೆ ಒಂದು ತಿಂಗಳಿದೆ. ದಯವಿಟ್ಟು ದಾರಿ ತೋರಿಸಿ.
— ಹೆಸರು ಬೇಡ, ದಾವಣಗೆರೆ

ಉತ್ತರ: ಒಂದು ತಿಂಗಳು ಧಾರಾಳ ಆಯ್ತು. ಗಾಬರಿ ಬೇಡ. ನಿಮ್ಮ ಮಾಡೆಲ್ ಕೆಟ್ಟಿಲ್ಲ. ಎರಡು ತೊಂದರೆ ಇವೆ, ಎರಡೂ ಬೇರೆ ಬೇರೆ. 9 ಯಾಕೆ ಬಂತು ಅನ್ನುವುದು ಒಂದು. ರನ್ ಯಾಕೆ ಆಗಲಿಲ್ಲ ಅನ್ನುವುದು ಇನ್ನೊಂದು. ಮೊದಲನೆಯದನ್ನು ನಿಧಾನವಾಗಿ ನೋಡೋಣ, ಯಾಕೆಂದರೆ ಪಿಬಿಸಿಯ ಜೀವ ಇರುವುದು ಅಲ್ಲೇ.

ನಮ್ಮಪ್ಪ ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದರು. ಮಗ್ಗದ ಮೇಲೆ ಜಕಾರ್ಡ್ ಇತ್ತು. ತೂತು ಹೊಡೆದ ರಟ್ಟಿನ ಪಟ್ಟಿಗಳನ್ನು ದಾರದಲ್ಲಿ ಸಾಲಾಗಿ ಹೊಲಿದು ಮಾಲೆ ಮಾಡಿರುತ್ತಾರೆ. ಒಂದು ಪಟ್ಟಿಗೆ ಒಂದು ಹೊಕ್ಕು. ಕೊನೆಯ ಪಟ್ಟಿಯನ್ನು ತಂದು ಮೊದಲನೆಯದಕ್ಕೆ ಕಟ್ಟುತ್ತಾರೆ. ಮಾಲೆ ಸುತ್ತಿದಷ್ಟೂ ಅದೇ ಹೂವು ಮತ್ತೆ ಮತ್ತೆ ಬರುತ್ತದೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಮಾಲೆ ಬಿಚ್ಚಿ ರಿಪೇರಿ ಮಾಡಿ ಕಟ್ಟುವಾಗ ಕೊನೆಯ ಒಂದು ಪಟ್ಟಿ ಬಿಟ್ಟುಹೋಯಿತು. ಒಂದೇ ಹೂವನ್ನು ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಒಂದು ಹೂವು ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಮಾತ್ರ ಗೆರೆ ಸಣ್ಣಗೆ ಜಿಗಿದಿತ್ತು. ಪ್ರತಿ ಹೂವಿಗೂ ಅದೇ ಜಿಗಿತ, ಬಟ್ಟೆ ಉದ್ದಕ್ಕೂ. ಅಪ್ಪ ದೀಪದ ಹತ್ತಿರ ಹಿಡಿದು ಆ ಜಾಗದ ಮೇಲೆ ಬೆರಳಿಟ್ಟು ತೋರಿಸಿದ್ದು ಈಗಲೂ ಕಣ್ಣ ಮುಂದಿದೆ.

ನಿಮ್ಮ ಯೂನಿಟ್ ಸೆಲ್ ಆ ಒಂದು ಹೂವು. ಅದರ ಎಡಕ್ಕೂ ಬಲಕ್ಕೂ, ಮೇಲೂ ಕೆಳಗೂ, ಹಿಂದೂ ಮುಂದೂ ಅದೇ ಸೆಲ್ ಇದೆ. ನೀವು ಎಳೆದಾಗ ಎಲ್ಲ ಸೆಲ್‌ಗಳೂ ಒಂದೇ ಥರ ಹಿಗ್ಗುತ್ತವೆ. ಅಂದಮೇಲೆ ನಿಮ್ಮ ಸೆಲ್‌ನ ಬಲಮುಖ ಪಕ್ಕದ ಸೆಲ್‌ನ ಎಡಮುಖಕ್ಕೆ ಸಂದಿಲ್ಲದೆ ಕೂರಲೇಬೇಕು. ಪಕ್ಕದವನ ಎಡಮುಖವೂ ನಿಮ್ಮ ಎಡಮುಖವೂ ಒಂದೇ ಆಕಾರ. ಹಾಗಾಗಿ ಎಡಗಡೆ ಎಲ್ಲಿ ಉಬ್ಬು ಬಂತೋ ಬಲಗಡೆ ಅದೇ ಎತ್ತರದಲ್ಲಿ ತಗ್ಗು ಬರಬೇಕು. ಉಬ್ಬು ಎಷ್ಟಿರಬೇಕು, ಎಲ್ಲಿರಬೇಕು ಅಂತ ಪಿಬಿಸಿ ಹೇಳುವುದಿಲ್ಲ. ಅದನ್ನು ಒಳಗಿನ ಗಾಜು ಮತ್ತು ಎಪಾಕ್ಸಿ ತೀರ್ಮಾನ ಮಾಡಿಕೊಳ್ಳುತ್ತವೆ. ಎದುರುಬದುರು ನೋಡ್‌ಗಳ ವ್ಯತ್ಯಾಸ ಮಾತ್ರ ನಿಮ್ಮ ಕೈಯಲ್ಲಿರುತ್ತದೆ. ಬಲಗಡೆ ನೋಡ್ ಸರಿದದ್ದರಲ್ಲಿ ಎಡಗಡೆ ನೋಡ್ ಸರಿದದ್ದನ್ನು ಕಳೆದರೆ ಇಡೀ ಸೆಲ್ ಆ ದಿಕ್ಕಿನಲ್ಲಿ ಎಷ್ಟು ಹಿಗ್ಗಿತೋ ಅಷ್ಟು ಬರಬೇಕು. ಪಿಬಿಸಿ ಅಂದರೆ ಇಷ್ಟೇ.

ನೀವು ಏನು ಮಾಡಿದಿರಿ? ಆರೂ ಮುಖಗಳ ಪ್ರತಿ ನೋಡ್‌ಗೂ 'ನೀನು ಇಲ್ಲೇ ಹೋಗಬೇಕು' ಅಂತ ನೇರ ಗೆರೆ ಎಳೆದುಕೊಟ್ಟಿರಿ. ಮುಖಗಳೆಲ್ಲ ಚಪ್ಪಟೆಯಾಗೇ ಉಳಿದವು. ಉದ್ದಕ್ಕೆ ಎಳೆಯುವಾಗ ಅದರಿಂದ ತೊಂದರೆ ಆಗುವುದಿಲ್ಲ. ಅಲ್ಲಿ ಫೈಬರ್ ಮತ್ತು ಎಪಾಕ್ಸಿ ಒಟ್ಟಿಗೇ ಹಿಗ್ಗುತ್ತವೆ, ತುದಿಯ ಮುಖ ತಾನಾಗೇ ಚಪ್ಪಟೆ ಇರುತ್ತದೆ. ಅದಕ್ಕೇ 44.6 ಸರಿಯಾಗಿ ಬಂತು. ಶಿಯರ್ ಹಾಗಲ್ಲ.

ಫೈಬರ್ ಕತ್ತರಿಸಿದ ತುದಿಯ ಮುಖವನ್ನು ಕಣ್ಣ ಮುಂದೆ ತಂದುಕೊಳ್ಳಿ. ನಡುವೆ ದುಂಡಗೆ ಗಾಜು, ಸುತ್ತ ಎಪಾಕ್ಸಿ. ಮೇಲಿನ ಮುಖವನ್ನು ಫೈಬರ್ ದಿಕ್ಕಿನಲ್ಲಿ ಮುಂದಕ್ಕೆ ತಳ್ಳಿ, ಕೆಳಗಿನದನ್ನು ಹಿಂದಕ್ಕೆ. ಗಾಜಿನ ಶಿಯರ್ ಮಾಡ್ಯುಲಸ್ ಸುಮಾರು 29.5 ಜಿಪಿಎ, ಎಪಾಕ್ಸಿಯದು ಸುಮಾರು 1.3. ಇಪ್ಪತ್ತು ಪಟ್ಟಿಗೂ ಜಾಸ್ತಿ ವ್ಯತ್ಯಾಸ. ಗಾಜು ಓರೆಯಾಗಲು ಒಪ್ಪುವುದಿಲ್ಲ, ಎಲ್ಲ ಓರೆಯನ್ನೂ ಎಪಾಕ್ಸಿಯೇ ನುಂಗಿಕೊಳ್ಳುತ್ತದೆ. ಆ ತುದಿಯನ್ನು ಪಕ್ಕದಿಂದ ನೋಡಿದರೆ ಕೆಳಗೆ ಎಪಾಕ್ಸಿಯಲ್ಲಿ ಗೆರೆ ಜೋರಾಗಿ ವಾಲಿರುತ್ತದೆ, ನಡುವೆ ಗಾಜಿನ ಮೇಲೆ ಹೆಚ್ಚುಕಮ್ಮಿ ನೆಟ್ಟಗೆ ನಿಂತಿರುತ್ತದೆ, ಮೇಲೆ ಮತ್ತೆ ಎಪಾಕ್ಸಿಯಲ್ಲಿ ಜೋರಾಗಿ ವಾಲುತ್ತದೆ. ಇದು ಅದರ ಸಹಜ ಆಕಾರ. ನೀವು ಇದನ್ನು ಒಂದೇ ಓರೆಯ ನೇರ ಗೆರೆ ಮಾಡಿದಿರಿ. ಒಲ್ಲೆ ಅನ್ನುವ ಗಾಜನ್ನೂ ಎಪಾಕ್ಸಿಯಷ್ಟೇ ವಾಲಿಸಿದಿರಿ. ಅದಕ್ಕೆ ಬೇಕಾದ ಬಲ ಜಾಸ್ತಿ, ಹಾಗಾಗಿ ಮಾಡ್ಯುಲಸ್ಸೂ ಜಾಸ್ತಿ.

ಇದನ್ನು ನೀವೇ ನೋಡಬಹುದು. ನಿಮ್ಮ ಹಳೇ ಮಾಡೆಲ್ ಇನ್ನೂ ಇದ್ದರೆ ಫೈಬರ್ ದಿಕ್ಕಿನ ದಪ್ಪ ಅರ್ಧ ಮಾಡಿ ಓಡಿಸಿ. 9 ಇದ್ದದ್ದು ಇನ್ನೂ ಮೇಲೆ ಹೋಗುತ್ತದೆ. ತೀರಾ ತೆಳ್ಳಗೆ ಮಾಡುತ್ತಾ ಹೋದರೆ 18ರ ಹತ್ತಿರ ಬಂದು ನಿಲ್ಲುತ್ತದೆ. 0.6 ಸಲ 29.5, 0.4 ಸಲ 1.3, ಎರಡನ್ನೂ ಕೂಡಿ ನೋಡಿ, ಅಷ್ಟೇ. ದಪ್ಪ ಬದಲಿಸಿದರೆ ವಸ್ತುವಿನ ಗುಣ ಬದಲಾಗುತ್ತದಾ? ಇಲ್ಲ ಅಲ್ವಾ. ಸರಿಯಾದ ಪಿಬಿಸಿ ಇದ್ದರೆ ಈ ನೇರ ಫೈಬರಿನ ಸೆಲ್ ಒಂದೇ ಎಲಿಮೆಂಟ್ (ಮಾಡೆಲನ್ನು ಹೋಳು ಮಾಡಿದ ಸಣ್ಣ ತುಂಡು) ದಪ್ಪ ಇದ್ದರೂ ಅದೇ ಉತ್ತರ ಬರುತ್ತದೆ, ಇಪ್ಪತ್ತು ಎಲಿಮೆಂಟ್ ಇದ್ದರೂ ಅದೇ. ಎಷ್ಟು ಬರಬೇಕು ಅಂತ ಅಂದಾಜು ಬೇಕಾದರೆ ಹಷಿನ್ ಮತ್ತು ರೋಸೆನ್ 1964ರಲ್ಲಿ ಕೊಟ್ಟ ಸಿಲಿಂಡರ್ ಸೂತ್ರಕ್ಕೆ ನಿಮ್ಮ ಅಂಕಿ ಹಾಕಿ. ನಾನು ಹಾಕಿ ನೋಡಿದೆ, 4.46 ಬಂತು. ಫೈಬರ್‌ಗಳನ್ನು ಷಟ್ಕೋನದ ಸಾಲಿನಲ್ಲಿ ಇಟ್ಟಿದ್ದರೆ ನಿಮ್ಮದೂ ಇದರ ಹತ್ತಿರವೇ ಬರಬೇಕು.

ಈಗ ಎರರ್ ವಿಷಯ. 'ನೋಡ್‌ಗಳನ್ನೆಲ್ಲ ಜೋಡಿ ಮಾಡಿ' ಅಂದಿದ್ದೀರಿ. ಆ 'ಎಲ್ಲ'ದಲ್ಲೇ ಇದೆ ಸಮಸ್ಯೆ. ಅಂಚಿನ ಮೇಲಿರುವ ನೋಡ್ ಎರಡು ಮುಖಗಳಿಗೆ ಸೇರಿದ್ದು. ಮೂಲೆಯದು ಮೂರಕ್ಕೆ. ಪ್ರತಿ ಮುಖದ ಜೋಡಿಯಲ್ಲೂ ಅವು ಮತ್ತೆ ಮತ್ತೆ ಬಂದಿವೆ. ಅಬಾಕಸ್ ಇಕ್ವೇಷನ್‌ನಲ್ಲಿ ಮೊದಲು ಬರೆದ ನೋಡ್‌ನ ಆ ದಿಕ್ಕಿನ ಚಲನೆಯನ್ನು ಲೆಕ್ಕದಿಂದ ತೆಗೆದುಹಾಕುತ್ತದೆ, ಉಳಿದವುಗಳ ಮೂಲಕ ಅದನ್ನು ಬರೆದುಕೊಳ್ಳುತ್ತದೆ. ಒಮ್ಮೆ ತೆಗೆದದ್ದನ್ನು ಇನ್ನೊಂದು ಇಕ್ವೇಷನ್ ಮತ್ತೆ ತೆಗೆ ಅಂದರೆ ಅದು ಏನು ಮಾಡಬೇಕು?

ಸುಲಭದ ಲೆಕ್ಕ ಹೇಳುತ್ತೇನೆ. ಒಂದು ಘನ, ಪ್ರತಿ ದಿಕ್ಕಿಗೆ 10 ಎಲಿಮೆಂಟ್. ಒಂದು ಅಂಚಿಗೆ 11 ನೋಡ್. ಒಂದು ಮುಖಕ್ಕೆ 121. ಮೂರು ಜೋಡಿ ಮುಖ, ನೀವು ಬರೆಸಿದ್ದು 363 ಜೋಡಿ. ನಿಜವಾಗಿ ಬೇಕಾದದ್ದು ಎಷ್ಟು? ಅಂಚು ಬಿಟ್ಟು ಒಂದು ಮುಖದಲ್ಲಿ 81 ನೋಡ್, ಮೂರು ಜೋಡಿ ಮುಖಕ್ಕೆ 243. ಹನ್ನೆರಡು ಅಂಚುಗಳಲ್ಲಿ ಒಂದೇ ದಿಕ್ಕಿಗಿರುವ ನಾಲ್ಕು ನಾಲ್ಕು ಸೇರಿ ಮೂರು ಗುಂಪು. ಪ್ರತಿ ಗುಂಪಿನಲ್ಲಿ ಒಂದು ಅಂಚನ್ನು ಯಜಮಾನ ಅಂತ ಇಟ್ಟು ಉಳಿದ ಮೂರನ್ನು ಅದಕ್ಕೆ ಕಟ್ಟಬೇಕು. ಮೂಲೆ ಬಿಟ್ಟು ಅಂಚಿಗೆ 9 ನೋಡ್, ಹಾಗಾಗಿ 81. ಎಂಟು ಮೂಲೆಗಳಲ್ಲಿ ಒಂದು ಯಜಮಾನ, ಏಳು ಜೋಡಿ. ಒಟ್ಟು 331. ನಿಮ್ಮ ಹತ್ತಿರ 32 ಜೋಡಿ ಜಾಸ್ತಿ, ಮೂರು ದಿಕ್ಕಿಗೆ 96 ಇಕ್ವೇಷನ್ ಜಾಸ್ತಿ. ಅವು ಸುಳ್ಳೇನಲ್ಲ. ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತವೆ. ಸಾಲ್ವರ್‌ಗೆ ಅದೇ ತಡೆಯುವುದಿಲ್ಲ.

ಹಾಗಾಗಿ ಸ್ಕ್ರಿಪ್ಟ್‌ನಲ್ಲಿ ನೋಡ್‌ಗಳನ್ನು ಮೊದಲೇ ಮೂರು ಪಾಲು ಮಾಡಿ: ಮುಖದ ಒಳಗಿನವು, ಅಂಚಿನವು, ಮೂಲೆಯವು. ಮೂರು ರೆಫರೆನ್ಸ್ ಪಾಯಿಂಟ್ (ಸೆಲ್‌ನ ಹೊರಗಿನ ಹೆಚ್ಚುವರಿ ಬಿಂದು) ಇಡಿ, ದಿಕ್ಕಿಗೊಂದು. ಸೆಲ್ ಆ ದಿಕ್ಕಿನಲ್ಲಿ ಎಷ್ಟು ಸರಿಯಬೇಕು ಅನ್ನುವುದನ್ನು ಅದರ ಮೇಲೆ ಕೊಡಿ. ಮುಖದ ಜೋಡಿಗೆ ಒಂದು ರೆಫರೆನ್ಸ್ ಪಾಯಿಂಟ್ ಬರುತ್ತದೆ. ಕರ್ಣದಲ್ಲಿ ಎದುರಿಗಿರುವ ಅಂಚಿಗೆ ಎರಡನ್ನೂ ಕೂಡಬೇಕು, ತೀರಾ ಎದುರಿನ ಮೂಲೆಗೆ ಮೂರನ್ನೂ. ಇಲ್ಲಿ ಪ್ಲಸ್ ಮೈನಸ್ ತಪ್ಪುವುದು ಬಹಳ ಜನರಿಗೆ ಆಗುತ್ತದೆ. ಪೇಪರ್ ಮೇಲೆ ಘನದ ಚಿತ್ರ ಬರೆದು ಎಂಟು ಮೂಲೆಗೂ ನಂಬರ್ ಹಾಕಿಕೊಳ್ಳಿ. ಸೆಲ್ ಗಾಳಿಯಲ್ಲಿ ತೇಲದ ಹಾಗೆ ಯಜಮಾನ ಮೂಲೆಯನ್ನು ಮೂರೂ ದಿಕ್ಕಿಗೆ ಹಿಡಿದಿಡಿ. ಇನ್ನೊಂದು ನೋಡ್ ಹಿಡಿಯಬೇಡಿ. ತಿರುಗುವುದನ್ನು ತಡೆಯುವುದು ರೆಫರೆನ್ಸ್ ಪಾಯಿಂಟ್‌ಗಳ ಕೆಲಸ. ಶಿಯರ್‌ಗೆ ಎರಡನೇ ಪಾಯಿಂಟ್‌ಗೆ ಒಂದನೇ ದಿಕ್ಕಿನ ಸರಿತ ಕೊಡಿ, ಒಂದನೇ ಪಾಯಿಂಟ್‌ನ ಎರಡನೇ ದಿಕ್ಕನ್ನು ಸೊನ್ನೆಗೆ ಕಟ್ಟಿ. ಅದನ್ನು ಕಟ್ಟದೆ ಬಿಟ್ಟರೆ ಸೆಲ್ ಶಿಯರ್ ಆಗುವ ಬದಲು ಸುಮ್ನೆ ತಿರುಗುತ್ತದೆ.

ಇದರಿಂದ ಒಂದು ಒಳ್ಳೇ ಲಾಭವೂ ಇದೆ. ಸರಾಸರಿ ಸ್ಟ್ರೆಸ್‌ಗಾಗಿ ಸಾವಿರಾರು ಎಲಿಮೆಂಟ್‌ಗಳ ಸ್ಟ್ರೆಸ್ ಕೂಡಿಸಬೇಕಾಗಿಲ್ಲ. ರೆಫರೆನ್ಸ್ ಪಾಯಿಂಟ್‌ನ ರಿಯಾಕ್ಷನ್ ಫೋರ್ಸನ್ನು ಆ ಮುಖದ ವಿಸ್ತೀರ್ಣದಿಂದ ಭಾಗಿಸಿದರೆ ಸಾಕು.

ಮೆಶ್ (ಎಲಿಮೆಂಟ್‌ಗಳ ಬಲೆ) ಬಗ್ಗೆ ನೀವು ಏನೂ ಬರೆದಿಲ್ಲ, ಆದರೆ ಅಲ್ಲೇ ನನಗೆ ಪೆಟ್ಟು ಬಿದ್ದಿದೆ. ಎದುರುಬದುರು ಮುಖಗಳ ಮೆಶ್ ಕನ್ನಡಿ ಹಿಡಿದ ಹಾಗೆ ಒಂದೇ ಇರಬೇಕು. ಇಟ್ಟಿಗೆಯಾಕಾರದ ಎಲಿಮೆಂಟ್ ಆದರೆ ಸುಲಭ. ಟೆಟ್ರಾ (ನಾಲ್ಕು ಮುಖದ ಎಲಿಮೆಂಟ್) ಆದರೆ ಮೊದಲು ಒಂದು ಮುಖದ ಮೆಶ್ ಮಾಡಿ ಅದನ್ನೇ ಎದುರಿನ ಮುಖಕ್ಕೆ ನಕಲು ಮಾಡಿಸಬೇಕು. ಜಿಮೆಶ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಪೀರಿಯಾಡಿಕ್ ಸರ್ಫೇಸ್ ಅಂತ ನೇರ ಆದೇಶವೇ ಇದೆ. 2009ರಲ್ಲಿ ಬೆಂಗಳೂರಿನ ಒಂದು ಕಂಪನಿಯಲ್ಲಿ ನೇಯ್ದ ಗಾಜಿನ ಬಟ್ಟೆಯ ಯೂನಿಟ್ ಸೆಲ್ ಮಾಡುತ್ತಿದ್ದೆ. ಎದುರಿನ ನೋಡ್ ಹುಡುಕುವಾಗ ಸ್ಕ್ರಿಪ್ಟ್‌ನಲ್ಲಿ ಟಾಲರೆನ್ಸ್ (ಎಷ್ಟು ಹತ್ತಿರ ಇದ್ದರೆ ಜೋಡಿ ಅನ್ನುವ ಮಿತಿ) ಸ್ವಲ್ಪ ದೊಡ್ಡದು ಇಟ್ಟಿದ್ದೆ. ಎಳೆಗಳು ಹತ್ತಿರ ಬರುವ ಕಡೆ ಮೆಶ್ ಸಣ್ಣದಿತ್ತು. ಅಲ್ಲಿ ಕೆಲವು ನೋಡ್‌ಗಳು ತಮ್ಮ ಜೋಡಿ ಬಿಟ್ಟು ಪಕ್ಕದ ನೋಡ್‌ಗೆ ಅಂಟಿಕೊಂಡವು. ರನ್ ಆಯಿತು, ಒಂದೂ ಎರರ್ ಇಲ್ಲ. ಬಣ್ಣದ ಚಿತ್ರಗಳು ಚೆನ್ನಾಗೇ ಬಂದವು. ಎರಡು ವಾರ ಆ ಅಂಕಿಗಳನ್ನೇ ನಂಬಿ ಮುಂದಿನ ಲೆಕ್ಕ ಮಾಡಿದೆವು.

ಕೊನೆಗೆ ಸಿಕ್ಕಿದ್ದು ಹೀಗೆ. ಏನೋ ಸರಿ ಇಲ್ಲ ಅನಿಸಿ ಎಳೆಗೂ ಎಪಾಕ್ಸಿಗೂ ಒಂದೇ ವಸ್ತು ಹಾಕಿ ಓಡಿಸಿದೆ, ಎಲ್ಲವೂ ಗಾಜು. ಆಗ ಇಡೀ ಸೆಲ್ ಒಂದೇ ಗಾಜಿನ ತುಂಡು. ಎಳೆದರೆ ಉತ್ತರ 72 ಬರಬೇಕು, ಸ್ಟ್ರೆಸ್ ಎಲ್ಲ ಕಡೆ ಒಂದೇ ಬಣ್ಣ ಇರಬೇಕು. 72 ಬರಲಿಲ್ಲ. ಬಲಮುಖದ ಒಂದು ಕಡೆ ಕೆಂಪು ಚುಕ್ಕೆಗಳು ಸಾಲಾಗಿ ಎದ್ದವು. ಅಪ್ಪ ಬೆರಳಿಟ್ಟು ತೋರಿಸಿದ ಜಿಗಿತ ತಕ್ಷಣ ನೆನಪಾಯಿತು. ಅಂದಿನಿಂದ ಯಾವ ಹೊಸ ಸೆಲ್ ಬಂದರೂ ಮೊದಲು ಎಲ್ಲ ಗಾಜು ಮಾಡಿ ಓಡಿಸುತ್ತೇನೆ. ನೀವೂ ದಯವಿಟ್ಟು ಇದನ್ನು ಬಿಡಬೇಡಿ, ಹತ್ತು ನಿಮಿಷದ ಕೆಲಸ. ಆಮೇಲೆ ನಿಜವಾದ ವಸ್ತು ಹಾಕಿ ಶಿಯರ್ ಓಡಿಸಿ. ವಿರೂಪವನ್ನು ನೂರು ಪಟ್ಟು ದೊಡ್ಡದು ಮಾಡಿ ಚಿತ್ರ ತೆಗೆಯಿರಿ. ಎರಡು ಪ್ರಿಂಟ್ ತೆಗೆದು ಅಕ್ಕಪಕ್ಕ ಇಟ್ಟರೆ ಒಂದರ ಬಲ ಅಂಚು ಇನ್ನೊಂದರ ಎಡ ಅಂಚಿಗೆ ಸಂದಿಲ್ಲದೆ ಕೂರಬೇಕು. ಥೀಸಿಸ್‌ನಲ್ಲಿ ಈ ಚಿತ್ರವನ್ನೂ ಹಾಕಿ.

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ನೀವು ಪೀರಿಯಾಡಿಕ್ ಬೌಂಡರಿ ಕಂಡಿಷನ್ ಬಗ್ಗೆ ಒಂದು ಸಾಲು ಬರೆದಿದ್ದಿರಿ. ನಾನು ಫಿಸಿಕ್ಸ್ ಪಾಠ ಮಾಡಿ ನಿವೃತ್ತನಾದವನು. ಸಿ.ವಿ. ರಾಮನ್ ಅವರು ಇದನ್ನೇ ಒಪ್ಪುತ್ತಿರಲಿಲ್ಲ ಎಂದು ಕೇಳಿದ್ದೇನೆ. ನಿಜವೇ?
— ಓದುಗರು, ಮೈಸೂರು

ಉತ್ತರ: ನಿಜ ಸರ್. ಈ ಪತ್ರ ಓದಿ ತುಂಬಾ ಖುಷಿಯಾಯಿತು. ಮೇಲಿನ ಪತ್ರದ ಹಾಗೆ ವಸ್ತುವನ್ನು ಸಣ್ಣ ಎಲಿಮೆಂಟ್‌ಗಳಾಗಿ ಹೋಳು ಮಾಡಿ ಲೆಕ್ಕ ಹಾಕುವ ವಿಧಾನಕ್ಕೆ ಫೈನೈಟ್ ಎಲಿಮೆಂಟ್ ಅನ್ನುವ ಹೆಸರು ಬಂದದ್ದು 1960ರಲ್ಲಿ, ರೇ ಕ್ಲಫ್ ಅವರಿಂದ. ಪೀರಿಯಾಡಿಕ್ ಕಂಡಿಷನ್ ಅದಕ್ಕಿಂತ ಎಷ್ಟೋ ಹಳೆಯದು. 1912ರಲ್ಲಿ ಮ್ಯಾಕ್ಸ್ ಬಾರ್ನ್ ಮತ್ತು ಥಿಯೋಡರ್ ಫಾನ್ ಕಾರ್ಮಾನ್ ಹರಳಿನ ಪರಮಾಣುಗಳು ಹೇಗೆ ಕಂಪಿಸುತ್ತವೆ ಅಂತ ಲೆಕ್ಕ ಹಾಕುತ್ತಿದ್ದರು. ಹರಳಿನ ಮೇಲ್ಮೈ ಬಂದರೆ ಲೆಕ್ಕ ಗೋಜಲಾಗುತ್ತದೆ. ಅದಕ್ಕೆ ಕೊನೆಯ ಪರಮಾಣುವಿನ ಪಕ್ಕದಲ್ಲಿ ಮೊದಲನೆಯದೇ ಇದೆ ಅಂತ ಇಟ್ಟುಕೊಂಡರು. ಜಕಾರ್ಡಿನ ಮಾಲೆಯ ಹಾಗೇ.

ಅದೇ ಬಾರ್ನ್ ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟ ಮೇಲೆ ರಾಮನ್ ಅವರ ಕರೆಯ ಮೇಲೆ 1935-36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. 1940ರ ದಶಕದಲ್ಲಿ ಇಬ್ಬರ ನಡುವೆ ದೊಡ್ಡ ವಾದ ಹುಟ್ಟಿತು. ಇಲ್ಲದ ಪಕ್ಕದ ಹರಳನ್ನು ಇದೆ ಅಂತ ಇಟ್ಟುಕೊಳ್ಳುವುದು ರಾಮನ್‌ಗೆ ಒಪ್ಪಿಗೆಯಾಗಲಿಲ್ಲ. ಹರಳಿನ ಕಂಪನಗಳು ಕೆಲವೇ ಬಿಡಿ ಆವರ್ತನಗಳಲ್ಲಿ ಇರುತ್ತವೆ ಅನ್ನುವುದು ಅವರ ಸಿದ್ಧಾಂತ. ವಜ್ರದ ರಾಮನ್ ರೋಹಿತದಲ್ಲಿ ಕಂಡ ಚೂಪಾದ ಗೆರೆಗಳನ್ನು ಅವರು ಅದಕ್ಕೆ ಸಾಕ್ಷಿಯಾಗಿ ತೋರಿಸಿದರು. 1944ರಲ್ಲಿ ವಾಲ್ಟರ್ ಲೆಡರ್‌ಮನ್ ಎಂಬ ಗಣಿತಜ್ಞರು ಒಂದು ವಿಷಯ ಸಾಧಿಸಿದರು. ಹರಳು ಸಾಕಷ್ಟು ದೊಡ್ಡದಿದ್ದರೆ ಗಡಿಯಲ್ಲಿ ಏನು ಕಂಡಿಷನ್ ಇಟ್ಟರೂ ಒಟ್ಟು ಕಂಪನಗಳ ಹಂಚಿಕೆ ಹೆಚ್ಚೇನೂ ಬದಲಾಗುವುದಿಲ್ಲ ಅಂತ. 1950ರ ದಶಕದ ಕೊನೆಗೆ ನ್ಯೂಟ್ರಾನ್ ಪ್ರಯೋಗಗಳು ಹರಳಿನ ಕಂಪನಗಳನ್ನು ನೇರವಾಗಿ ಅಳೆದವು. ಬಾರ್ನ್ ಹೇಳಿದ್ದು ನಿಂತಿತು.

ಆದರೂ ರಾಮನ್ ಕೇಳಿದ ಪ್ರಶ್ನೆ ಮೇಲೆ ನನಗೆ ಗೌರವ ಇದೆ. ನಿಜವಾದ ತುಂಡಿಗೆ ಅಂಚು ಇರುತ್ತದೆ. ಅಂಚು ದೂರ ಇದ್ದಾಗ ಮರೆಯಬಹುದು. ಹತ್ತಿರ ಇದ್ದಾಗ? ಮುಂದಿನ ಪತ್ರ ಅದೇ.

ಪ್ರಶ್ನೆ: ನಮ್ಮದು ಸಣ್ಣ ಯೂನಿಟ್ ಮೇಡಂ, ಕಾಂಪೋಸಿಟ್ ಪ್ಯಾನೆಲ್ ಮಾಡುತ್ತೇವೆ. ನೇಯ್ದ ಗಾಜಿನ ಬಟ್ಟೆ ನಾಲ್ಕೇ ಪದರ. ಆರೂ ಮುಖಕ್ಕೆ ಪಿಬಿಸಿ ಹಾಕಿ ಬಾಗುವ ಬಿಗಿ ಲೆಕ್ಕ ಹಾಕಬಹುದೇ? ಬೋಲ್ಟ್ ತೂತಿನ ಹತ್ತಿರ ಬಿರುಕು ಬಿಡುವುದನ್ನೂ ಅದರಲ್ಲೇ ನೋಡಬಹುದೇ?
— ಹುಬ್ಬಳ್ಳಿ

ಉತ್ತರ: ಎರಡಕ್ಕೂ ಬೇಡ ಅನ್ನುತ್ತೇನೆ. ಬಟ್ಟೆಯ ಉದ್ದಗಲಕ್ಕೆ ನೇಯ್ಗೆ ಮರುಕಳಿಸುತ್ತದೆ, ಅಲ್ಲಿ ನಾಲ್ಕು ಮುಖಕ್ಕೆ ಪಿಬಿಸಿ ಹಾಕಿ. ದಪ್ಪದ ದಿಕ್ಕಿಗೆ ನಾಲ್ಕು ಪದರ ಮುಗಿದ ಮೇಲೆ ಗಾಳಿ. ಐದನೇ ಪದರ ಇಲ್ಲ. ಮೇಲಿನ ಮತ್ತು ಕೆಳಗಿನ ಮುಖ ಎರಡನ್ನೂ ಹಾಗೇ ಬಿಡಿ, ಇಕ್ವೇಷನ್ ಹಾಕಬೇಡಿ. ನಾಲ್ಕೂ ಪದರ ಸೆಲ್‌ನೊಳಗೇ ಇರಲಿ. ಬಾಗಿಸುವಾಗ ಎದುರುಬದುರು ಮುಖಗಳ ವ್ಯತ್ಯಾಸ ದಪ್ಪದ ಉದ್ದಕ್ಕೂ ಒಂದೇ ಇರುವುದಿಲ್ಲ. ಮೇಲೆ ಹಿಗ್ಗು, ಕೆಳಗೆ ಕುಗ್ಗು. ನಡುವಿನಿಂದ ನೋಡ್ ಎಷ್ಟು ಎತ್ತರದಲ್ಲಿದೆಯೋ ಅದಕ್ಕೆ ತಕ್ಕ ಹಾಗೆ ಇಕ್ವೇಷನ್‌ನ ಗುಣಕ ಬದಲಾಗಬೇಕು. ತಟ್ಟೆ ಬಾಗಿದಾಗ ಮೇಲಕ್ಕೇಳುವ ಸರಿತಕ್ಕೂ ಬಾಗಿನ ಲೆಕ್ಕದ ಪಾಲು ಸೇರಿಸಬೇಕು, ಅದನ್ನು ಮರೆಯಬೇಡಿ.

ಬಿರುಕಿಗೆ ಕಾರಣ ಇನ್ನೂ ನೇರ. ಪಿಬಿಸಿ ಹಾಕಿದ ಸೆಲ್‌ನಲ್ಲಿ ಒಂದು ಬಿರುಕು ಬಿಟ್ಟರೆ ಅಕ್ಕಪಕ್ಕದ ಎಲ್ಲ ಸೆಲ್‌ಗಳಲ್ಲೂ ಅದೇ ಜಾಗದಲ್ಲಿ ಅದೇ ಬಿರುಕು ಬಿಟ್ಟಿದೆ ಅಂತ ಅರ್ಥ. ಓರೆಯಾಗಿ ಹೋಗಬೇಕಾದ ಬಿರುಕು ಎದುರಿನ ಮುಖಕ್ಕೆ ಸರಿಹೊಂದಲು ದಿಕ್ಕನ್ನೇ ಬದಲಿಸುತ್ತದೆ. ನಿಮ್ಮ ಪ್ಯಾನೆಲ್‌ನಲ್ಲಿ ತೂತು ಇರುವುದು ಒಂದು ಕಡೆ, ಬಿರುಕು ಬಿಡುವುದು ಅದರ ಬಾಯಲ್ಲಿ. ಯೂನಿಟ್ ಸೆಲ್‌ನಿಂದ ಬಿಗಿಯ ಅಂಕಿಗಳನ್ನು ಮಾತ್ರ ತೆಗೆದುಕೊಳ್ಳಿ. ಆ ಅಂಕಿಗಳನ್ನು ಇಡೀ ಪ್ಯಾನೆಲ್‌ನ ಮಾಡೆಲ್‌ಗೆ ಹಾಕಿ. ತೂತಿನ ಸುತ್ತ ಮಾತ್ರ ಪದರ ಪದರವಾಗಿ, ಎಳೆ ಎಳೆಯಾಗಿ ಮಾಡಿ. ತೂತಿನ ವ್ಯಾಸವನ್ನೂ ಬಟ್ಟೆಯಲ್ಲಿ ಎಳೆಗಳ ನಡುವಿನ ಅಂತರವನ್ನೂ ಬರೆದು ಕಳಿಸಿದರೆ ಎಷ್ಟು ದೂರದವರೆಗೆ ಹಾಗೆ ಮಾಡಬೇಕು ಅಂತ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.